ಮಟ್ಟ ಮತ್ತು ಮಟ್ಟಸ

"ಇವತ್ತಿನಿಂದ ಈ ಮನೆಯ ಒಂದೇ ಒಂದು ಚಾಕುವೂ ಹೊರಗಿನವರ ಕೈಗೆ ಹೋಗೋ ಹಾಗಿಲ್ಲ! ನಾನೇ ಮಸೀತೀನಿ!"

ಒಂದು ಭಾನುವಾರ ಮಧ್ಯಾಹ್ನ, ಊಟದ ಮೇಜಿನ ಮುಂದೆ ಎದ್ದು ನಿಂತು, ಎಡಗೈಯನ್ನು ಸೊಂಟದ ಮೇಲಿಟ್ಟು ನಾನು ಹೊರಡಿಸಿದ ಘೋಷಣೆ ಇದು. ಸಭೆಯಲ್ಲಿ ಇಬ್ಬರಿದ್ದರು. ಒಬ್ಬಳು ನನ್ನ ಹೆಂಡತಿ. ಇನ್ನೊಬ್ಬರು ಅವಳ ತಾಯಿ, ಎರಡು ತಿಂಗಳಿನಿಂದ ನಮ್ಮಲ್ಲಿರುವ ನನ್ನ ಅತ್ತೆ. ಚಪ್ಪಾಳೆಯೇನೂ ಬೀಳಲಿಲ್ಲ.

"ಕೂತ್ಕೊಳ್ರೀ, ಊಟ ಆರಿಹೋಗುತ್ತೆ" ಎಂದಳು ಹೆಂಡತಿ. "ಹೋದ ಸಲ ನಲ್ಲಿ ನಾನೇ ರಿಪೇರಿ ಮಾಡ್ತೀನಿ ಅಂದ್ರಿ. ಮೂರು ದಿನ ಮನೆಯೊಳಗೆ ಛತ್ರಿ ಹಿಡ್ಕೊಂಡು ಓಡಾಡಿದ್ವಿ."

"ಅದು ನೀರಿನ ವಿಷಯ ಕಣೇ. ಇದು ಕಲ್ಲಿನ ವಿಷಯ!"

"ಚಾಕು ಮಸೆಯೋ ಕಲ್ಲಿನ ಹೆಸರೇ ನೀರುಗಲ್ಲು ಅಂತಲ್ವಾ?"

ಅವಳ ಅನುಮಾನಕ್ಕೆ ಕಾರಣವಿತ್ತು. ಹತ್ತು ನಿಮಿಷದ ದಾರಿಯಲ್ಲಿರುವ ಹೋಟೆಲೊಂದರಲ್ಲಿ ಅವಳು ಎರಡನೆಯ ಅಡುಗೆಯವಳು. ಅಲ್ಲಿನ ಹಳೆಯ ಮುಖ್ಯ ಅಡುಗೆಯವರು ನಿವೃತ್ತರಾಗುವಾಗ ತಮ್ಮ ಜಪಾನಿ ಚಾಕುವನ್ನು ಬಟ್ಟೆಯಲ್ಲಿ ಸುತ್ತಿ ಇವಳ ಕೈಗಿಟ್ಟು, "ನನ್ನ ಜಾಗಕ್ಕೆ ನೀನು ಬರಬೇಕು" ಎಂದು ಹೇಳಿ ಹೋಗಿದ್ದರು. ಆ ಜಾಗ ಇನ್ನೂ ಖಾಲಿಯೇ ಇತ್ತು. ಬರುವ ಶನಿವಾರ ಹೋಟೆಲಿನ ಯಜಮಾನಿ ಇವಳಿಗೂ ಅಲ್ಲಿನ ಇನ್ನೊಬ್ಬ ಅಡುಗೆಯವಳಿಗೂ ಪರೀಕ್ಷೆ ಇಟ್ಟಿದ್ದರು. ಟೊಮೇಟೊ ಹೆಚ್ಚಿದರೆ ಹಲಗೆ ಒದ್ದೆಯಾಗಬಾರದು. ಈರುಳ್ಳಿಯ ಬಿಲ್ಲೆಯನ್ನು ಪತ್ರಿಕೆಯ ಮೇಲಿಟ್ಟರೆ ಕೆಳಗಿನ ಅಕ್ಷರ ಓದಲು ಬರಬೇಕು. ಆದರೆ ಆ ಚಾಕು ಈಗ ಮೊಂಡಾಗಿತ್ತು. ಬೀದಿಯ ತಿರುವಿನಲ್ಲಿ ಸಾಣೆ ಹಿಡಿಯುವವನು ಹಿಂದೊಮ್ಮೆ ಅವಳ ಬೇರೊಂದು ಚಾಕುವನ್ನು ಚಕ್ರಕ್ಕೆ ಕೊಟ್ಟು, ಕಿಡಿ ಹಾರಿಸಿ, ಕಾವಿಗೆ ನೀಲಿಗಟ್ಟಿಸಿ ಹಾಳುಮಾಡಿ ವಾಪಸು ಕೊಟ್ಟಿದ್ದ. ಇದನ್ನು ಅವನಿಗೆ ಕೊಡಲು ಅವಳ ಕೈ ಬರಲಿಲ್ಲ. ಹದಿನಾಲ್ಕು ವರ್ಷ ಅಡುಗೆಮನೆಯಲ್ಲಿ ಬೆವರಿದವಳ ಭವಿಷ್ಯ ಒಂದು ಗೇಣುದ್ದದ ಅಲಗಿನ ಮೇಲೆ ನಿಂತಿತ್ತು. ಇಂಥ ಹೊತ್ತಿನಲ್ಲಿ ಗಂಡನಾದವನು ಎದ್ದು ನಿಲ್ಲದೆ ಇರಲಾದೀತೆ?

ಜೊತೆಗೆ ನನಗೊಂದು ವಿಶೇಷ ಅರ್ಹತೆಯೂ ಇತ್ತು. ನನ್ನ ಉದ್ಯೋಗವೇ ಮಟ್ಟ ನೋಡುವುದು! ಹೊಸದಾಗಿ ಕಟ್ಟಿದ ಕಟ್ಟಡಗಳಿಗೆ ಹೋಗಿ, ನೆಲದ ಮೇಲೆ ರಸಮಟ್ಟ ಇಟ್ಟು, ಅದರ ಗಾಜಿನ ಕೊಳವೆಯೊಳಗಿನ ಗುಳ್ಳೆ ನಡುವೆ ನಿಂತರೆ "ಸರಿಯಿದೆ" ಎಂದು ಮೊಹರು ಒತ್ತಿ ಬರುತ್ತೇನೆ. ಇಪ್ಪತ್ತೊಂದು ವರ್ಷದಿಂದ ನನ್ನ ಜೇಬಿನಲ್ಲಿ ಬಾಚಣಿಗೆ ಇಲ್ಲದಿರಬಹುದು, ರಸಮಟ್ಟ ಇಲ್ಲದಿಲ್ಲ. ಕಚೇರಿಯಲ್ಲಿ ನನ್ನ ಅಡ್ಡಹೆಸರೂ ಅದೇ.

ಅಂದು ಸಂಜೆಯೇ ಕಲ್ಲಿನಂಗಡಿಗೆ ಹೋದೆ. ಅಂಗಡಿ ಎಂದರೆ ಒಂದು ಉದ್ದನೆಯ ಕೋಣೆ. ಗೋಡೆಯುದ್ದಕ್ಕೂ ಕಲ್ಲುಗಳು. ಕಂದು, ಬೂದು, ಕೆನೆಬಣ್ಣ, ಪಾಚಿಹಸಿರು. ಒಂದೊಂದರ ಮೇಲೂ ಒಂದೊಂದು ನಂಬರು. ಗಲ್ಲಾದ ಹಿಂದೆ ಒಬ್ಬ ಅಜ್ಜ.

"ಗಟ್ಟಿಮುಟ್ಟಾದ ಕಲ್ಲು ಕೊಡಿ ಅಜ್ಜ, ಎಲ್ಲಕ್ಕಿಂತ ದೊಡ್ಡ ನಂಬರಿನದು. ಮಕ್ಕಳಾಟದ್ದೆಲ್ಲ ಬೇಡ."

"ನಂಬರ್ ದೊಡ್ಡದಾದಷ್ಟೂ ಕಲ್ಲು ನಯ ಸಾರ್. ಚಿಕ್ಕ ನಂಬರು ಒರಟು. ಮೊದಲು ಸಾವಿರದ ಕಲ್ಲಲ್ಲಿ ಹರಿತ ಮಾಡಬೇಕು. ಆಮೇಲೆ ಆರು ಸಾವಿರದ್ದರಲ್ಲಿ ಹೊಳಪು. ಇವೆರಡಿದ್ರೆ ಮನೆಗೆ ಸಾಕು."

ದೊಡ್ಡವರಾದಷ್ಟೂ ನಯವಾಗುವ ಜಾತಿ ಕಲ್ಲುಗಳಲ್ಲಾದರೂ ಇದೆಯಲ್ಲ ಎಂದು ನನಗೆ ನಮ್ಮ ಮೇಲಧಿಕಾರಿಯ ನೆನಪಾಯಿತು. ಅಜ್ಜ ಮಾತು ಮುಂದುವರಿಸದೆ ಒಂದು ಮೊಂಡು ಚಾಕು ತೆಗೆದುಕೊಂಡರು. ಒದ್ದೆ ಕಲ್ಲಿನ ಮೇಲೆ ಅದನ್ನು ಸ್ವಲ್ಪವೇ ಓರೆಯಾಗಿ ಇಟ್ಟು, ಮೂರು ಬೆರಳು ಒತ್ತಿ ತಳ್ಳಿದರು, ಎಳೆದರು. ಸ್ಸ್ರ್... ಸ್ಸ್ರ್... ಕಲ್ಲಿನ ಮೇಲೆ ತೆಳುವಾದ ಬೂದು ಕೆಸರು ಎದ್ದಿತು. "ಈ ಕೆಸರನ್ನ ತೊಳೀಬೇಡಿ. ಮಸೆಯೋದು ಇದೇ" ಎಂದರು. ಐದು ನಿಮಿಷದ ಮೇಲೆ ನನ್ನ ಮುಂಗೈ ಹಿಡಿದು ಚಾಕುವನ್ನು ಮೆಲ್ಲಗೆ ಸವರಿದರು. ಸೋಕಿದ್ದೇ ತಿಳಿಯಲಿಲ್ಲ. ನೋಡಿದರೆ ಅಂಗೈಯಗಲದ ಜಾಗದಲ್ಲಿ ಒಂದೇ ಒಂದು ಕೂದಲಿಲ್ಲ! ನಾನು ಬಾಯಿ ತೆರೆದವನು ಮುಚ್ಚುವುದನ್ನು ಮರೆತೆ. ಬರಿಯ ಕಲ್ಲು, ಬರಿಯ ನೀರು, ಒಂದು ಮುದಿ ಕೈ. ಇಷ್ಟರಿಂದಲೇ ಇಂಥದ್ದು ಆಗುವುದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಸಾವಿರದ ಕಲ್ಲಿಗೆ ನೀರು ಕುಡಿಸಿ, ಗುಳ್ಳೆ ನಿಲ್ಲೋ ತನಕ. ಆರು ಸಾವಿರದ್ದಕ್ಕೆ ಚಿಮುಕಿಸಿದರೆ ಸಾಕು, ಮುಳುಗಿಸಬೇಡಿ. ಎರಡನ್ನೂ ನೆರಳಲ್ಲೇ ಒಣಗಿಸಿ, ಬಿಸಿಲಿಗಿಟ್ರೆ ಸೀಳುತ್ತೆ. ಇನ್ನೊಂದು ಮುಖ್ಯ. ಮಸೀತಾ ಮಸೀತಾ ಕಲ್ಲೂ ಸವೆಯುತ್ತೆ. ಅದು ಯಾವಾಗ್ಲೂ ಮಟ್ಟಸ ಇರಬೇಕು. ಅದಕ್ಕೆ ಅಂತಲೇ ಈ ಉಜ್ಜೋ ಹಲಗೆ ಬರುತ್ತೆ, ತಗೊಂಡು ಹೋಗಿ."

"ಮಟ್ಟವಾ? ಅಜ್ಜ, ಮಟ್ಟ ನನ್ನ ಕಸುಬು!" ಎಂದು ರಸಮಟ್ಟವನ್ನು ಜೇಬಿನಿಂದ ಸರ್ರನೆ ಎಳೆದು ತೋರಿಸಿದೆ.

"ಮಟ್ಟ ಅಲ್ಲ ಸಾರ್, ಮಟ್ಟಸ."

"ಎಲ್ಲಾ ಒಂದೇ ಬಿಡಿ!"

ಹಲಗೆಯನ್ನು ಅಲ್ಲೇ ಬಿಟ್ಟು ಎರಡು ಕಲ್ಲುಗಳನ್ನು ಎದೆಗವಚಿಕೊಂಡು ಮನೆಗೆ ಬಂದೆ.

ಸೋಮವಾರ ಬೆಳಗ್ಗೆ ಸಾವಿರದ ಕಲ್ಲನ್ನು ನೀರಿನ ಟಬ್ಬಿಗೆ ಇಳಿಸಿದೆ. ಬುಳ್ ಬುಳ್ ಬುಳ್! ಮೈತುಂಬ ಗುಳ್ಳೆ! "ಎಲ್ಲರೂ ಬನ್ನಿ! ಕಲ್ಲು ಉಸಿರಾಡ್ತಾ ಇದೆ!" ಎಂದು ಕೂಗಿದೆ.

ಹೆಂಡತಿ ಬಗ್ಗಿ ನೋಡಿದಳು. "ಉಸಿರಾಡ್ತಿಲ್ಲ ಕಣ್ರೀ. ನಿಮ್ಮ ಕೈಗೆ ಸಿಕ್ಕಿದ್ದಕ್ಕೆ ಮುಳುಗಿ ಸಾಯ್ತಾ ಇದೆ."

ಅತ್ತೆಯೂ ಬಂದು ನಿಂತರು. ಅವರು ಮಾತು ಕಡಿಮೆ. ಇಪ್ಪತ್ತೆಂಟು ವರ್ಷ ಯಾವುದೋ ಕಾರ್ಖಾನೆಯಲ್ಲಿ "ಗಾಜು ಉಜ್ಜುತ್ತಿದ್ದರು" ಎಂದು ಮಾತ್ರ ನನಗೆ ಗೊತ್ತಿತ್ತು. ಕಿಟಕಿಗಳನ್ನು ಒರೆಸುತ್ತಿದ್ದರೆಂದು ತಿಳಿದುಕೊಂಡಿದ್ದೆ. ನಮ್ಮ ಮನೆಯ ಕಿಟಕಿಗಳು ಕೊಳೆಯಾದಾಗ ಒಂದೆರಡು ಸಲ ಅವರ ಕಡೆ ಆಸೆಯಿಂದ ನೋಡಿದ್ದೂ ಉಂಟು. ಅವರು ಕಲ್ಲನ್ನು ಬೆರಳ ತುದಿಯಿಂದ ಮುಟ್ಟಿ, "ಮೆದು ಇದೆ, ಬೇಗ ಸವೆಯುತ್ತೆ" ಎಂದಷ್ಟೇ ಹೇಳಿ ಹೋದರು.

ಹೆಂಡತಿಯ ಚಾಕುವಿಗೆ ಮೊದಲೇ ಕೈ ಹಾಕುವಷ್ಟು ಮೂರ್ಖ ನಾನಲ್ಲ. ಮೊದಲು ಅಭ್ಯಾಸ! ಸೋಮವಾರ ಹಣ್ಣಿನ ಚಾಕು. ಮಂಗಳವಾರ ಬ್ರೆಡ್ಡಿನ ಚಾಕು, ಸಿಪ್ಪೆ ಹೆರೆಯುವುದು, ನನ್ನ ರೇಜರು. ಬೆಳಗ್ಗೆ ಒಂದು ಗಂಟೆ, ಕಚೇರಿಯಿಂದ ಬಂದ ಮೇಲೆ ಒಂದು ಗಂಟೆ. ಅಂಚಿಗೆ ಹೋದರೆ ಚಾಕು ಜಾರೀತು ಎಂದು ಕಲ್ಲಿನ ನಟ್ಟನಡುವೆಯೇ ಉಜ್ಜಿದೆ. ಕೆಸರೆದ್ದ ಕೂಡಲೇ ಕೊಳಕೆಂದು ಥಳಥಳ ಹೊಳೆಯುವಂತೆ ತೊಳೆದೆ. ಒಮ್ಮೆ ಕೈಜಾರಿ ಕಲ್ಲು ಬಿದ್ದು ಒಂದು ಮೂಲೆ ಮುಕ್ಕಾಯಿತು. ಯುದ್ಧವೆಂದ ಮೇಲೆ ಗಾಯ ಇದ್ದದ್ದೇ.

ಉತ್ಸಾಹ ಉಕ್ಕಿ, ಕೆಳಗಿನ ಮನೆಯ ಟೈಲರನ ಕತ್ತರಿಯನ್ನೂ ನಾನಾಗಿಯೇ ಕೇಳಿ ತಂದು ಮಸೆದುಕೊಟ್ಟೆ. ಬುಧವಾರ ಬೆಳಗ್ಗೆ ಬಾಗಿಲು ದಬದಬ ಬಡಿಯಿತು.

"ಸಾರ್, ಏನ್ ಮಾಡಿದ್ರಿ ನನ್ನ ಕತ್ತರೀನ? ಮೊನ್ನೆವರೆಗೆ ಬಟ್ಟೆ ಕತ್ತರಿಸ್ತಿತ್ತು. ಈಗ ಅಗೀತಾ ಇದೆ!"

ನಮ್ಮ ಮನೆಯೊಳಗಿನ ಕಥೆಯೂ ಅದೇ ಆಗಿತ್ತು. ಮಸೆದಷ್ಟೂ ಚಾಕುಗಳು ಮೊಂಡಾಗುತ್ತಿದ್ದವು! ಬ್ರೆಡ್ಡನ್ನು ಕೈಯಲ್ಲಿ ಹರಿದು ತಿಂದೆವು. ಸೌತೆಕಾಯಿಯನ್ನು ಮುರಿದು ತಿಂದೆವು. ನಾನು ಗಡ್ಡ ಬಿಟ್ಟೆ. ಕಲ್ಲಿಗೆ ನೀರು ಕುಡಿಸಲು ಹೋದವನಿಗೆ ಆ ಕಲ್ಲು ಏಳು ಕೆರೆ ನೀರು ಕುಡಿಸಿತ್ತು. ಹೆಂಡತಿ ಹಲ್ಲು ಮಸೆದಳು. ಅದಕ್ಕೆ ಯಾವ ಕಲ್ಲೂ ಬೇಕಾಗಲಿಲ್ಲ.

"ತಪ್ಪು ಎಲ್ಲಿದೆ ಅಂತ ವೈಜ್ಞಾನಿಕವಾಗಿ ನೋಡೋಣ" ಎಂದು ರಸಮಟ್ಟ ತೆಗೆದೆ. ಮೇಜಿನ ಮೇಲಿಟ್ಟೆ, ಗುಳ್ಳೆ ನಡುವೆ. ಕಲ್ಲಿನ ಮೇಲೆ ಉದ್ದಕ್ಕೆ ಇಟ್ಟೆ, ಗುಳ್ಳೆ ನಟ್ಟನಡುವೆ! "ನೋಡಿ, ಕಲ್ಲು ಅಪ್ಪಟ ಮಟ್ಟ. ತಪ್ಪು ಚಾಕುಗಳದ್ದೇ!"

ಅತ್ತೆ ಕುರ್ಚಿಯಲ್ಲಿ ಕೂತಲ್ಲಿಂದಲೇ ತಲೆ ಬಗ್ಗಿಸಿ ನೋಡಿದರು. "ಅಳಿಯಂದ್ರೆ, ರಸಮಟ್ಟದ ಅಡಿಯಲ್ಲಿ ಬೆಳಕು ಕಾಣ್ತಿದೆಯಲ್ಲ?"

"ಅದು ಕಿಟಕಿ ಬೆಳಕು ಅತ್ತೆ" ಎಂದೆ ಮುಗುಳ್ನಕ್ಕು. ಪಾಪ, ವಯಸ್ಸಾದವರು.

ಗುರುವಾರ ಬೆಳಗ್ಗೆ, ಇನ್ನು ತಡಮಾಡಿದರೆ ಆಗದು ಎಂದು ಆ ಜಪಾನಿ ಚಾಕುವಿಗೇ ಕೈ ಹಾಕಿದೆ. ಒಂದೂವರೆ ಗಂಟೆ ಮಸೆದೆ. ಹೆಂಡತಿ ಟೊಮೇಟೊ ಇಟ್ಟು ಚಾಕು ಒತ್ತಿದಳು. ಟೊಮೇಟೊ ಒಂದಿಷ್ಟು ಹೊತ್ತು ತಡೆದುಕೊಂಡಿತು. ಆಮೇಲೆ ಪಚಕ್ಕನೆ ಒಡೆದು ನನ್ನ ಅಂಗಿಯ ಮೇಲೆಲ್ಲ ಹಾರಿತು.

ಅವಳು ಬೈಯಲಿಲ್ಲ. ಅದೇ ನನ್ನನ್ನು ಹೆದರಿಸಿತು. ಹನ್ನೆರಡು ವರ್ಷದ ಸಂಸಾರದಲ್ಲಿ ಬೈಯುವ ಅವಕಾಶವನ್ನು ಅವಳು ಬಿಟ್ಟುಕೊಟ್ಟದ್ದು ಅದೇ ಮೊದಲು. ಚಾಕುವನ್ನು ಒರೆಸಿ, ಬಟ್ಟೆಯಲ್ಲಿ ಸುತ್ತುತ್ತಾ, "ನಾಡಿದ್ದು ಶನಿವಾರ ಕಣ್ರೀ" ಎಂದಳು. "ಆ ಇನ್ನೊಬ್ಬಳಿಗೇ ಸಿಗಲಿ ಬಿಡಿ. ಅವಳೂ ಒಳ್ಳೆಯವಳೇ." ಕಣ್ಣಲ್ಲಿ ನೀರಿತ್ತು. ಈರುಳ್ಳಿಯನ್ನು ಅಂದು ಯಾರೂ ಹೆಚ್ಚಿರಲಿಲ್ಲ. ಅಂದು ಕಚೇರಿಯಲ್ಲಿ ನಾನು ಮೂರು ಮೊಹರುಗಳನ್ನು ತಲೆಕೆಳಗಾಗಿ ಒತ್ತಿದೆ.

ಶುಕ್ರವಾರ ಬೆಳಗ್ಗೆ ಎದ್ದಾಗ ಕಲ್ಲು ಆಗಲೇ ಟಬ್ಬಿನಲ್ಲಿ ನೆನೆಯುತ್ತಿತ್ತು. ನನ್ನ ಬರೆಯುವ ಮೇಜಿನ ಮೇಲಿನ ದಪ್ಪ ಗಾಜು ಯಾಕೋ ಒದ್ದೆಯಾಗಿತ್ತು. ಕಾಗದಗಳೆಲ್ಲ ಪಕ್ಕದಲ್ಲಿ ಅಚ್ಚುಕಟ್ಟಾಗಿ ಕೂತಿದ್ದವು. ಅದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಕೊನೆಯ ಪ್ರಯತ್ನವೆಂದು, ಕಣ್ಣುಮುಚ್ಚಿ, ಚಾಕುವನ್ನು ಕಲ್ಲಿಗೆ ತಾಗಿಸಿದೆ.

ಸ್ಸ್ರ್...

ಆ ಸದ್ದು! ಅಜ್ಜನ ಅಂಗಡಿಯಲ್ಲಿ ಕೇಳಿದ ಅದೇ ಸದ್ದು! ಅಲಗು ಕಲ್ಲನ್ನು ಕಚ್ಚಿ ಹಿಡಿಯಿತು. ಕೆಸರು ಎದ್ದಿತು. ಸದ್ದಿಗೆ ಮರುಳಾಗಿ ಅದನ್ನು ತೊಳೆಯುವುದೂ ಮರೆತುಹೋಯಿತು. ಅರ್ಧ ಗಂಟೆಯ ಮೇಲೆ ಆರು ಸಾವಿರದ ಕಲ್ಲಿಗೆ ನೀರು ಚಿಮುಕಿಸಿ ಹೊಳಪು ಕೊಟ್ಟೆ. ಅಲಗಿನೊಳಗೆ ನನ್ನ ನಾಲ್ಕು ದಿನದ ಗಡ್ಡ ಕಂಡಿತು. ಈರುಳ್ಳಿಯ ಮೇಲಿಟ್ಟೆ. ಒತ್ತಲಿಲ್ಲ, ಚಾಕು ತನ್ನ ಭಾರಕ್ಕೆ ತಾನೇ ಇಳಿಯಿತು. ಬಿಲ್ಲೆಯನ್ನು ಪತ್ರಿಕೆಯ ಮೇಲಿಟ್ಟರೆ ಕೆಳಗಿನ ಸಣ್ಣಕ್ಷರವೂ ಕಾಣುತ್ತಿತ್ತು. ಸಂತೋಷಕ್ಕೋ ಈರುಳ್ಳಿಗೋ, ಗಳಗಳನೆ ಅತ್ತೆ. (ಇಲ್ಲಿ ‘ಅತ್ತೆ’ ಕ್ರಿಯಾಪದ. ನನ್ನ ಅತ್ತೆ ಆಗ ಮೌನವಾಗಿ ಕಾಫಿ ಕುಡಿಯುತ್ತಿದ್ದರು.)

"ಕೈಗೆ ಸಿದ್ಧಿ ಬಂತು ಕಣೇ! ಸಿದ್ಧಿ!"

ಹೆಂಡತಿ ಓಡಿ ಬಂದು ಬಿಲ್ಲೆಯನ್ನು ಬೆಳಕಿಗೆ ಹಿಡಿದಳು, ನನ್ನನ್ನು ನೋಡಿದಳು, ಮತ್ತೆ ಬಿಲ್ಲೆಯನ್ನು ನೋಡಿದಳು. "ನಿಜವಾಗ್ಲೂ ನೀವೇನಾ ಮಾಡಿದ್ದು?" ಎಂದಳು. ಆ ದನಿಯಲ್ಲಿ ಗೌರವವಿತ್ತು! ಮದುವೆಯ ಮರುವಾರದಿಂದ ಕಾಣದೆ ಹೋಗಿದ್ದ ಗೌರವ!

ಕಲ್ಲನ್ನು ಒರೆಸುವಾಗ ಇನ್ನೊಂದು ಅದ್ಭುತ ಕಂಡಿತು. ಮುಕ್ಕಾದ ಮೂಲೆಯ ಬಳಿ ಮಸುಕಾದ ಗುರುತು. ಎರಡು ಅಡ್ಡಗೆರೆ, ಅವುಗಳನ್ನು ಹಾಯುವ ಎರಡು ಓರೆಗೆರೆ. ಜಪಾನಿ ಅಕ್ಷರ! ಇಷ್ಟು ದಿನ ಅಡಗಿದ್ದ ಗುರುಮುದ್ರೆ ಸಾಧಕನಿಗೆ ಮಾತ್ರ ದರ್ಶನ ಕೊಟ್ಟಿದೆ! ಕಲ್ಲಿಗೆ ಕೈಮುಗಿದೆ. ಅಕ್ಷರವನ್ನು ಕಾಗದದ ಮೇಲೆ ಭಕ್ತಿಯಿಂದ ನಕಲು ಮಾಡಿದೆ. ಟೈಲರನ ಕತ್ತರಿಯನ್ನೂ ಮತ್ತೆ ಮಸೆದುಕೊಟ್ಟೆ. ಅವನು ಖುಷಿಯಾಗಿ, "ಏನಾದ್ರೂ ಹೊಲಿದುಕೊಡ್ತೀನಿ ಸಾರ್" ಎಂದ. ಒಂದು ಬಿಳಿ ಏಪ್ರನ್ ಹೊಲಿಸಿ, ಎದೆಯ ಮೇಲೆ ಆ ಅಕ್ಷರವನ್ನು ಕೆಂಪು ದಾರದಲ್ಲಿ, ತಟ್ಟೆಯಗಲ ಕಸೂತಿ ಹಾಕಿಸಿಕೊಂಡೆ.

ಅತ್ತೆ ಏಪ್ರನನ್ನು ನೋಡಿ ಏನೋ ಹೇಳಲು ಬಾಯಿ ತೆರೆದರು. "ಜಪಾನಿ ಭಾಷೆ ಅತ್ತೆ" ಎಂದೆ. ಅವರು ಬಾಯಿ ಮುಚ್ಚಿಕೊಂಡರು.

ಶನಿವಾರ ಹೋಟೆಲಿನ ಅಡುಗೆಮನೆಗೆ ನಾವು ಮೂವರೂ ಹೋದೆವು. ಪರೀಕ್ಷೆ ಮುಗಿಯಲು ಹೆಚ್ಚು ಹೊತ್ತೇನೂ ಬೇಕಾಗಲಿಲ್ಲ. ಇನ್ನೊಬ್ಬಾಕೆಯೂ ಚೆನ್ನಾಗಿಯೇ ಹೆಚ್ಚಿದಳು, ಹಲಗೆ ಮಾತ್ರ ಕೊಂಚ ಒದ್ದೆಯಾಯಿತು. ನನ್ನ ಹೆಂಡತಿಯ ಚಾಕು ಎದ್ದು ಇಳಿಯುತ್ತಿದ್ದರೆ ಸದ್ದೇ ಇಲ್ಲ. ಟೊಮೇಟೊ ತಾನು ತುಂಡಾದದ್ದೇ ತಿಳಿಯದೆ ಹಾಗೇ ಉಂಡೆಯಾಗಿ ಕೂತಿತ್ತು. ಅವಳು ಬೆರಳಿಂದ ಮೆಲ್ಲಗೆ ತಳ್ಳಿದಾಗ ಬಿಲ್ಲೆಗಳು ಸಾಲಾಗಿ ಮಲಗಿದವು. ಅವಳ ಕೈ ಇಷ್ಟು ಚೆಂದವೆಂದು ನಾನು ಮನೆಯಲ್ಲಿ ಒಂದು ದಿನವೂ ನೋಡಿರಲಿಲ್ಲ.

"ಸೋಮವಾರದಿಂದ ನೀನೇ ಮುಖ್ಯ ಅಡುಗೆಯವಳು" ಎಂದರು ಯಜಮಾನಿ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಥೆ ಇಲ್ಲಿಗೇ ಮುಗಿದಿದ್ದರೆ ನನ್ನ ಮಾನ ಉಳಿಯುತ್ತಿತ್ತು.

"ಚಾಕು ಮಸೆದವರು ಯಾರು?" ಎಂದು ಯಜಮಾನಿ ಕೇಳಿದರು.

ನಾನು ಏಪ್ರನ್ ಕೊಡವಿ ಮುಂದೆ ಬಂದೆ. ಕಲ್ಲಿನ ಉಸಿರಾಟ, ಕೆಸರಿನ ಮಹಿಮೆ, ಗುರುಮುದ್ರೆಯ ದರ್ಶನ, ಎಲ್ಲವನ್ನೂ ವರ್ಣಿಸಿದೆ. ಅಡುಗೆಮನೆ ಬೆರಗಾಗಿ ಕೇಳಿತು. "ಹಾಗಿದ್ರೆ ನಮ್ಮ ಒಂಬತ್ತು ಚಾಕುಗಳನ್ನೂ ಇಲ್ಲೇ ಮಸೆದು ತೋರಿಸಿ" ಎಂದರು ಯಜಮಾನಿ. ಕಲ್ಲುಗಳು ಚೀಲದಲ್ಲೇ ಇದ್ದವು. ಕೂತೇಬಿಟ್ಟೆ! ಒಂದು ಚಾಕು ಹರಿತವಾಯಿತು. ಎರಡು, ಮೂರು. ಉತ್ಸಾಹದಲ್ಲಿ ನಟ್ಟನಡುವೆಯೇ ಒತ್ತಿ ಒತ್ತಿ ಉಜ್ಜಿದೆ. ಐದನೆಯದಕ್ಕೆ ಸದ್ದು ಬದಲಾಯಿತು. ಆರನೆಯದು ಮಸೆಯುವ ಮೊದಲು ಇದ್ದುದಕ್ಕಿಂತ ಮೊಂಡಾಯಿತು.

"ಗಾಬರಿ ಬೇಡ!" ಎಂದು ರಸಮಟ್ಟ ತೆಗೆದು ಕಲ್ಲಿನ ಮೇಲಿಟ್ಟೆ. ಗುಳ್ಳೆ ನಟ್ಟನಡುವೆ. "ನೋಡಿ, ಮಟ್ಟ!"

ಯಜಮಾನಿ ಬಗ್ಗಿದರು. "ಅಡಿಯಲ್ಲಿ ಬೆಳಕು ಕಾಣ್ತಿದೆಯಲ್ಲ?"

ನಾನೂ ಬಗ್ಗಿದೆ. ರಸಮಟ್ಟ ಕಲ್ಲಿನ ಎರಡು ತುದಿಗಳ ಮೇಲೆ ಸೇತುವೆಯಂತೆ ಕೂತಿತ್ತು. ನಡುವೆ, ಕೆಳಗೆ, ಒಂದು ಎಳೆ ಬೆಳಕು. ಕಲ್ಲು ಸವೆದು ಬಟ್ಟಲಾಗಿ, ಅಲಗಿನ ಅಂಚನ್ನು ದುಂಡಗೆ ಉಜ್ಜುತ್ತಿತ್ತು! ಬಟ್ಟಲಿನ ಮೇಲಿಟ್ಟರೂ ಗುಳ್ಳೆ ನಡುವೆಯೇ ನಿಲ್ಲುತ್ತದೆ! ಸುತ್ತಲೂ ನೋಡಿದೆ. ಆ ಅಡುಗೆಮನೆಗೆ ಕಿಟಕಿಯೇ ಇರಲಿಲ್ಲ.

"ಒಂಚೂರು ಸರೀತೀರಾ ಅಳಿಯಂದ್ರೆ" ಎಂದರು ಅತ್ತೆ. ಕೈಚೀಲದಿಂದ ಒಂದು ಪೆನ್ಸಿಲ್ ತೆಗೆದರು, ಉಜ್ಜಿ ನಯಮಾಡುವ ಒಂದು ಹಾಳೆ ಉಪ್ಪುಕಾಗದ ತೆಗೆದರು. "ಇಲ್ಲಿ ದಪ್ಪ ಗಾಜು ಏನಾದ್ರೂ ಸಿಗುತ್ತಾಮ್ಮ?" ಯಜಮಾನಿ ಒಂದು ಮೇಜಿನ ಗಾಜನ್ನೇ ತೆಗೆಸಿಕೊಟ್ಟರು. ಅತ್ತೆ ಕಲ್ಲಿನ ಮೈತುಂಬ ಪೆನ್ಸಿಲಿನಿಂದ ಗೆರೆ ಎಳೆದರು. ಅಡ್ಡಗೆರೆ, ಓರೆಗೆರೆ, ಅಡ್ಡಗೆರೆ, ಓರೆಗೆರೆ. ನನ್ನ ಕಣ್ಣೆದುರೇ ಜಪಾನಿ ಅಕ್ಷರಗಳು ಸಾಲುಸಾಲಾಗಿ ಹುಟ್ಟಿದವು. ಗಾಜಿನ ಮೇಲೆ ಉಪ್ಪುಕಾಗದ ಹಾಸಿ, ನೀರು ಬಿಟ್ಟು, ಕಲ್ಲನ್ನು ಬೋರಲು ಹಾಕಿ ಸುತ್ತಿಸತೊಡಗಿದರು. ಅವಸರವಿಲ್ಲ, ಒತ್ತಡವಿಲ್ಲ. ಅಂಗೈ ತುಂಬ ಹರಡಿದ ಕೈ, ಒಂದೇ ಹದದ ಸುತ್ತು. ಇಡೀ ಅಡುಗೆಮನೆ ಕೆಲಸ ಬಿಟ್ಟು ಸುತ್ತ ನೆರೆಯಿತು. ನಾನಂತೂ ಅವಮಾನವನ್ನೂ ಮರೆತು ಆ ಕೈಯನ್ನೇ ನೋಡಿದೆ. ಅಜ್ಜನ ಕೈಗಿಂತ ದೊಡ್ಡ ಕೈ ಎರಡು ತಿಂಗಳಿನಿಂದ ನಮ್ಮ ಮನೆಯಲ್ಲೇ ಇತ್ತು. ಆ ಕೈಗೆ ನಾನು ಬಟ್ಟೆ ಮಡಿಸಲು ಕೊಡುತ್ತಿದ್ದೆ!

"ನಮ್ಮಮ್ಮ ಕನ್ನಡಕದ ಗಾಜು ಉಜ್ಜಿ ಹದ ಮಾಡ್ತಿದ್ದೋರು" ಎಂದು ಹೆಂಡತಿ ಯಜಮಾನಿಗೆ ಹೇಳುತ್ತಿದ್ದಳು. "ಇವರ ಮೂಗಿನ ಮೇಲಿರೋದೂ ಅಮ್ಮ ಉಜ್ಜಿದ್ದೇ, ಮದುವೆಗೆ ಮುಂಚೆ."

ಆ ಕನ್ನಡಕ ಹಾಕಿಕೊಂಡೂ ನನಗೆ ಆ ಬೆಳಕು ಕಂಡಿರಲಿಲ್ಲ.

ಅತ್ತೆ ಕಲ್ಲನ್ನು ತಿರುಗಿಸಿದರು. ಗೆರೆಗಳೆಲ್ಲ ಮಾಯ. ಮುಕ್ಕಾದ ಮೂಲೆಯ ಬಳಿ ಮಾತ್ರ ಒಂದು ಉಳಿದಿತ್ತು. "ಈ ಮೂಲೆ ತಗ್ಗಾಗಿದೆ. ನಿನ್ನೆ ಬೆಳಗ್ಗೆ ನೀವು ಬೇಗ ಎದ್ದುಬಿಟ್ರಿ, ಇದೊಂದು ಹಾಗೇ ಉಳೀತು" ಎಂದರು.

"ಅತ್ತೆ, ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ನಲ್ಲ. ಕಿಟಕಿ ಬೆಳಕು ಅಂದ್ರಿ." ರಸಮಟ್ಟವನ್ನು ಕಲ್ಲಿನ ಮೇಲೆ ನಿಲ್ಲಿಸಿ ಬಗ್ಗಿ ನೋಡಿ, ನನಗೂ ತೋರಿಸಿದರು. ಬೆಳಕಿನ ಎಳೆಯೂ ಇಲ್ಲ. "ಮಟ್ಟ ಬೇರೆ ಅಳಿಯಂದ್ರೆ, ಮಟ್ಟಸ ಬೇರೆ."

ಇಪ್ಪತ್ತೊಂದು ವರ್ಷದ ನನ್ನ ಸರ್ವೀಸಿಗೆ ಒಂದು ‘ಸ’ ಕಡಿಮೆಯಿತ್ತು! ನನ್ನನ್ನು ಇಷ್ಟು ಮೆಲುದನಿಯಲ್ಲಿ ಯಾರೂ ಮಟ್ಟ ಹಾಕಿರಲಿಲ್ಲ. ಉಳಿದ ಚಾಕುಗಳನ್ನು ಅತ್ತೆಯೇ ಮಸೆದರು. ನಾನು ಪಕ್ಕದಲ್ಲಿ ಕೂತು ನೀರು ಹನಿಸಿದೆ. ಈಗಲೂ ಪ್ರತಿ ಭಾನುವಾರ ಅದೇ ನನ್ನ ಹುದ್ದೆ. ಕಚೇರಿಯ ಕೆಲಸದಲ್ಲೂ ಈಚೆಗೆ ರಸಮಟ್ಟ ಇಟ್ಟ ಮೇಲೆ ನೆಲಕ್ಕೆ ಕೆನ್ನೆಯೊತ್ತಿ ಬೆಳಕು ಹುಡುಕುತ್ತೇನೆ. ಮೇಸ್ತ್ರಿಗಳು ನನಗೆ ತಲೆಸುತ್ತು ಬಂದಿದೆಯೆಂದು ನೀರು ತಂದುಕೊಡುತ್ತಾರೆ.

ಅಂದು ಮನೆಗೆ ಹೊರಡುವಾಗ ಏಪ್ರನನ್ನು ಬಿಚ್ಚಿ ಅತ್ತೆಯ ಮುಂದೆ ಹಿಡಿದೆ. "ಇದನ್ನೂ ಉಜ್ಜಿ ತೆಗೀಬಹುದಾ ಅತ್ತೆ?"

ಅವರು ಕನ್ನಡಕ ಸರಿಮಾಡಿಕೊಂಡು, ಕೆಂಪು ದಾರದ ಮೇಲೆ ಬೆರಳಾಡಿಸಿ, ಬಹಳ ಹೊತ್ತು ಪರೀಕ್ಷಿಸಿದರು.

"ಕಲ್ಲಿನ ಮೇಲಿಂದಾದ್ರೆ ಎರಡೇ ಸುತ್ತಿಗೆ ಹೋಗೋದು" ಎಂದರು. "ಇದು ನಿಮ್ಮ ಎದೆ ಮೇಲಿಂದು. ಹಾಕ್ಕೊಂಡೇ ಸವೆಸಬೇಕು."